ಅಳಲಿನ ಕಾವು

ದಿನಪತ್ರಿಕೆಯಲ್ಲಿ ನಾನು ನಿಧಾನವಾಗಿ ಓದುವುದು ಜಿಲ್ಲಾ ಪುಟವನ್ನು. ಯಾವುದೋ ಹೋಬಳಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಪಂಪ್‌ಸೆಟ್ಟುಗಳೆಲ್ಲ ನಿಂತಿರುತ್ತವೆ, ಎಲ್ಲೋ ಕೊಬ್ಬರಿ ಬೆಲೆ ಬಿದ್ದಿರುತ್ತದೆ, ಇನ್ನೆಲ್ಲೋ ಆನೆ ಬಂದು ಕಬ್ಬಿನ ಗದ್ದೆ ತುಳಿದು ಹೋಗಿರುತ್ತದೆ. ಸುದ್ದಿಯ ಕೊನೆಯ ಪ್ಯಾರಾದಲ್ಲಿ ಊರಿನವರೊಬ್ಬರು ನಾಲ್ಕು ಮಾತಾಡುತ್ತಾರೆ. ಮಾತು ಮುಗಿದಲ್ಲಿ ವರದಿಗಾರರು ‘ಎಂದು ಅಳಲು ತೋಡಿಕೊಂಡರು’ ಎಂದು ಬರೆದು ಚುಕ್ಕೆ ಇಡುತ್ತಾರೆ. ಜಾಗ ಕಡಿಮೆಯಿದ್ದ ದಿನ ತಲೆಬರಹವೇ ‘ಬೆಳೆಗಾರರ ಅಳಲು’. ಮೂರಕ್ಷರ, ಒತ್ತಿಲ್ಲ, ದೀರ್ಘವಿಲ್ಲ, ಒಂದು ಕಾಲಮ್ಮಿನಲ್ಲಿ ಸಲೀಸಾಗಿ ಕೂರುತ್ತದೆ. ಸುದ್ದಿ ಸಂಕಟದ್ದೇ. ಆದರೂ ಆ ಪದದ ಮೇಲೆ ಕಣ್ಣು ಬಿದ್ದಾಗ ಒಳಗೆ ಏನೋ ಹಿಗ್ಗುತ್ತದೆ. ಪಂಪ ರನ್ನರ ಕಾಲದ ಪದವೊಂದನ್ನು ನಿನ್ನೆ ರಾತ್ರಿ ತಾಲ್ಲೂಕು ವರದಿಗಾರರೊಬ್ಬರು ಪುಟ ಮುಗಿಯುವ ಗಡಿಬಿಡಿಯಲ್ಲಿ ಟೈಪು ಮಾಡಿ ಕಳಿಸಿದ್ದಾರಲ್ಲ ಎಂಬ ಹಿಗ್ಗು.

ಯಾಕೆಂದರೆ ಬಾಯಿಮಾತಿನಲ್ಲಿ ಅದು ಉಳಿದೇ ಇಲ್ಲ. ‘ನನಗೆ ಬಹಳ ಅಳಲಾಗಿದೆ’ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಆ ಜಾಗವನ್ನೆಲ್ಲ ಪಾರಸಿಯಿಂದ ಬಂದ ‘ಬೇಜಾರು’ ಹಿಡಿದುಕೊಂಡಿದೆ. ಬಸ್ಸು ತಪ್ಪಿದರೂ ಬೇಜಾರು, ಮಳೆ ಬಂದು ಜಾತ್ರೆ ಕೆಟ್ಟರೂ ಬೇಜಾರು, ಹೆತ್ತವರು ಕಣ್ಣು ಮುಚ್ಚಿದರೂ ‘ತುಂಬಾ ಬೇಜಾರಾಯ್ತು ಕಣ್ರೀ’. ಹಳೆಯ ಪದಗಳು ಒಂದೊಂದು ಆಸರೆ ಹುಡುಕಿಕೊಂಡು ಬದುಕಿವೆ. ‘ದುಮ್ಮಾನ’ ದುಃಖದ ಬೆನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಯಾರ ಮನೆಯಲ್ಲಿ ಕೇಳಿದರೂ ದುಃಖ–ದುಮ್ಮಾನ ಎಂದು ಜೋಡಿಯಾಗಿಯೇ ಬರುತ್ತದೆ. ಅದರ ಹಳೆಯ ಜೊತೆಗಾರ ‘ಸುಮ್ಮಾನ’ಕ್ಕೆ ಹಾಗೆ ಯಾರೂ ಸಿಗಲಿಲ್ಲ. ‘ಉಮ್ಮಳ’ ಹೆಸರುಪದವಾಗಿ ಸೊರಗಿ, ‘ದುಃಖ ಉಮ್ಮಳಿಸಿ ಬಂತು’ ಎಂಬಲ್ಲಿ ಕ್ರಿಯಾಪದವಾಗಿ ಉಸಿರಾಡುತ್ತಿದೆ. ಅಳಲಿಗೆ ಆಸರೆ ಕೊಟ್ಟದ್ದು ಪತ್ರಿಕೆ. ಜೊತೆಗೆ ‘ತೋಡಿಕೊ’ ಎಂಬ ಕ್ರಿಯಾಪದ. ಬಾವಿ ತೋಡುವ, ಗುಂಡಿ ತೋಡುವ ಆ ತೋಡುವಿಕೆಯೇ ಇದು. ಮೇಲ್ಮಣ್ಣು ತೆಗೆದು, ಗೊಚ್ಚು ಒಡೆದು, ಆಳದಲ್ಲಿದ್ದದ್ದನ್ನು ಮೇಲಕ್ಕೆ ತರುವ ಕೆಲಸ. ಆ ಜೋಡಿಯನ್ನು ಮೊದಲು ಕೂಡಿಸಿದವರು ಯಾರೋ ಬಹಳ ತಿಳಿದವರಿರಬೇಕು.

ಅಳಲು ಎಂದರೆ ಅಳುವುದು ಎಂದು ಅನೇಕರ ತಿಳಿವಳಿಕೆ. ಅಳು, ಅಳಲು, ಎರಡೂ ಒಂದೇ ಬಳ್ಳಿಯ ಕಾಯಿಯಂತೆ ಕಾಣುತ್ತವೆ ನಿಜ. ಆದರೆ ಅತ್ತರೆ ಕಣ್ಣಲ್ಲಿ ನೀರು ಬರುತ್ತದೆ. ಅಳಲಿನ ನಂಟು ನೀರಿಗಿಲ್ಲ, ಬೆಂಕಿಗೆ. ಇದನ್ನು ಕಾಣಬೇಕಾದರೆ ನಮ್ಮಿಂದ ಕಳೆದುಹೋದ ಒಂದು ಅಕ್ಷರವನ್ನು ಹಿಂದಕ್ಕೆ ಕರೆಯಬೇಕು.

ಹಳಗನ್ನಡದಲ್ಲಿ ಇದರ ಕಾಗುಣಿತ ‘ಅೞಲ್’. ನಡುವೆ ಇರುವ ೞ ಈಗಿನ ಳ ಅಲ್ಲ. ನಾಲಗೆಯನ್ನು ಒಳಕ್ಕೆ ಮಡಿಸಿ, ಅಂಗುಳಕ್ಕೆ ತಾಗಿಸದೆ ಹೊರಡಿಸುವ ನಾದ ಅದು. 941ರಲ್ಲಿ ಪಂಪ ತನ್ನ ಕಾವ್ಯಗಳನ್ನು ಮುಗಿಸುವ ಹೊತ್ತಿಗೆ ಅದು ಬರಹದಲ್ಲಿ ಗಟ್ಟಿಯಾಗಿತ್ತು. ದಾನಶಾಸನಗಳ ಕೊನೆಯಲ್ಲಿ, ಈ ದತ್ತಿಯನ್ನು ಅಳಿಸಿದವನಿಗೆ ಇಂಥ ಪಾಪ ತಟ್ಟಲಿ ಎಂದು ಶಪಿಸುವ ಕಡೆ ಬರುವ ‘ಅೞಿ’ಯಲ್ಲೂ ಅದೇ ಅಕ್ಷರ. ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವಾಗ ಯಾವ ಪದಕ್ಕೆ ಯಾವ ಳಕಾರ ಎಂದು ವಿಂಗಡಿಸಿ ಹೇಳುವ ಕೆಲಸ ಅವನ ಮೇಲೆ ಬಿತ್ತು. ಜನರ ಬಾಯಲ್ಲಿ ಭೇದ ಸ್ಪಷ್ಟವಾಗಿರುವಾಗ ಯಾವ ವೈಯಾಕರಣಿಯೂ ಅಂಥ ಪಟ್ಟಿ ಮಾಡುವ ಶ್ರಮ ತೆಗೆದುಕೊಳ್ಳುವುದಿಲ್ಲ. ಆ ಪಟ್ಟಿ ಓದುವಾಗಲೆಲ್ಲ ನನಗೆ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕುತ್ತದೆ. ತನ್ನ ಕಣ್ಣೆದುರೇ ಒಂದು ನಾದ ಕರಗುತ್ತಿದೆ, ಅದನ್ನು ಹಿಡಿದಿಡಲು ಅವನ ಕೈಯಲ್ಲಿರುವುದು ಕಂದಪದ್ಯ ಒಂದೇ.

ಅಕ್ಷರ ಮಾತ್ರ ಪೂರ್ತಿ ಸತ್ತಿಲ್ಲ. ಮೊಬೈಲು, ಕಂಪ್ಯೂಟರುಗಳಲ್ಲಿ ಕನ್ನಡ ಮೂಡಿಸುವ ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೂ ಒಂದು ಮನೆ ಕೊಟ್ಟಿದ್ದಾರೆ. ಆದರೆ ಅಧಿಕೃತ ಹೆಸರು ಬರೆಯುವಾಗ ಯಾರೋ ಅದನ್ನು ‘ಫ’ ಎಂದು ನಮೂದಿಸಿಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಅಲ್ಲಿದೆ. ಹಾಗಾಗಿ ತಪ್ಪು ಹೆಸರು ಹಾಗೇ ನಿಂತು, ಸರಿಯಾದದ್ದು ಪಕ್ಕದಲ್ಲಿ ಅಡ್ಡಹೆಸರಾಗಿ ಸೇರಿದೆ. ಇದು ತಿಳಿದ ದಿನ ನನಗೆ ನಿಜವಾಗಿ ನೋವಾಯಿತು. ಅಷ್ಟು ಶತಮಾನ ತಡವಾಗಿ ಮನೆಗೆ ಬಂದ ಹಿರಿಯರನ್ನು ಬಾಗಿಲಲ್ಲೇ ಬೇರೆ ಹೆಸರಿನಿಂದ ಕರೆದ ಹಾಗೆ.

ಆ ನಾದವನ್ನು ನಾನು ಮೊದಲು ಸರಿಯಾಗಿ ಕೇಳಿದ್ದು ನಮ್ಮ ಕಚೇರಿಯಲ್ಲಿ, ಆಲಪ್ಪುೞದ ಕಡೆಯಿಂದ ಬಂದ ಸಹೋದ್ಯೋಗಿಯೊಬ್ಬರ ಬಾಯಲ್ಲಿ. ನಾವು ‘ಅಲೆಪ್ಪಿ’ ಎನ್ನುತ್ತಿದ್ದ ಊರಿನ ಹೆಸರನ್ನು ಅವರು ಹೇಳಿದಾಗ ಕೊನೆಯ ಅಕ್ಷರ ಗಂಟಲು ಮತ್ತು ಅಂಗುಳದ ನಡುವೆ ಎಲ್ಲೋ ಉರುಳಿ ಹೋಯಿತು. ಊಟದ ಬಿಡುವಿನಲ್ಲಿ ಕಾಗದದ ಮೇಲೆ ‘ಅೞಲ್’ ಎಂದು ಅವರ ಲಿಪಿಯಲ್ಲಿ ಬರೆಸಿ, ಓದಿ ಎಂದೆ. ಓದಿದರು. ಇನ್ನೊಮ್ಮೆ ಎಂದೆ. ಇನ್ನೊಮ್ಮೆ ಓದಿ, ‘ಇದು ನಮ್ಮಲ್ಲಿ ಮಾತಿಗೆ ಬರೋದಿಲ್ಲ ಸಾರ್, ಹಾಡಲ್ಲಿ ಕವಿತೆಯಲ್ಲಿ ಬರುತ್ತೆ. ದುಃಖ ಅಂತ’ ಎಂದರು. ಅಲ್ಲೂ ಹಾಗೆಯೇ! ಮಲಯಾಳದಲ್ಲೂ ಅದು ಕಾವ್ಯದ ಮನೆಯಲ್ಲಿದೆ. ನನಗಂತೂ ಆ ಡಬ್ಬಿ ಊಟದ ಮೇಜಿನಲ್ಲಿ, ಮೀನುಸಾರಿನ ವಾಸನೆಯ ನಡುವೆ, ರನ್ನನ ಕಾಲದ ಕನ್ನಡ ಕಿವಿಗೆ ಬಿದ್ದಂತಾಯಿತು. ಗ್ರಂಥದಲ್ಲಿ ಸಾವಿರ ಸಲ ಓದಿದರೂ ಸಿಗದ ಸಂತೋಷ ಅದು.

ತಮಿಳಿಗೆ ಹೋದರೆ ಪದ ಬೇರೆಯೇ ಮುಖ ತೋರುತ್ತದೆ. ಅಲ್ಲಿ ‘ಅೞಲ್’ ಎಂದರೆ ಬೆಂಕಿ. ಉರಿ, ಜ್ವಾಲೆ, ಕಾವು. ಒಂದೇ ಬೇರಿನ ಪದ ತಮಿಳರಿಗೆ ಒಲೆಯಲ್ಲಿ ಕಂಡಿತು, ಮಲಯಾಳಿಗಳಿಗೂ ನಮಗೂ ಒಡಲಲ್ಲಿ ಕಂಡಿತು. ತಮಿಳಿನ ‘ಶಿಲಪ್ಪದಿಕಾರಂ’ನಲ್ಲಿ ಮಧುರೆ ಉರಿದುಹೋಗುವ ಅಧ್ಯಾಯದ ಹೆಸರೇ ಈ ಪದದಿಂದ ಶುರುವಾಗುತ್ತದೆ. ಕಾಲ್ಗಡಗ ಮಾರಲು ಹೋದ ಗಂಡ ಕೋವಲನ್ ಕಳ್ಳನೆಂಬ ಸುಳ್ಳು ಆರೋಪಕ್ಕೆ ತಲೆ ಕೊಟ್ಟಿದ್ದಾನೆ. ಕಣ್ಣಗಿ ಉಳಿದ ಒಂಟಿ ಕಡಗ ಹಿಡಿದು ಪಾಂಡ್ಯರಾಜನ ಮುಂದೆ ಬಂದು ನಿಲ್ಲುತ್ತಾಳೆ. ರಾಣಿಯ ಕಡಗದೊಳಗೆ ಇದ್ದದ್ದು ಮುತ್ತು, ಇವಳು ಒಡೆದ ಕಡಗದಿಂದ ಚಿಮ್ಮಿದ್ದು ಮಾಣಿಕ್ಯ. ತಪ್ಪು ತಿಳಿದ ರಾಜ ಅಲ್ಲೇ ಕುಸಿದು ಸಾಯುತ್ತಾನೆ. ಅಷ್ಟಕ್ಕೆ ಅವಳ ಉರಿ ಆರುವುದಿಲ್ಲ. ತನ್ನ ಎಡಮೊಲೆಯನ್ನು ಕಿತ್ತು ನಗರದ ಮೇಲೆ ಎಸೆಯುತ್ತಾಳೆ. ಅಗ್ನಿ ಬಂದು ಯಾರನ್ನು ಬಿಡಲಿ ಎಂದು ಕೇಳುತ್ತಾನೆ. ಹಸುಗಳನ್ನು, ಮುದುಕರನ್ನು, ಮಕ್ಕಳನ್ನು ಬಿಡು ಎನ್ನುವಷ್ಟು ವಿವೇಕ ಆ ಸ್ಥಿತಿಯಲ್ಲೂ ಅವಳಿಗಿದೆ. ಈ ಭಾಗ ಓದುವಾಗ ತಮಿಳಿನ ಅರ್ಥ, ಕನ್ನಡದ ಅರ್ಥ ಎಂಬ ಎರಡು ನನಗೆ ಉಳಿಯುವುದೇ ಇಲ್ಲ. ಅವಳ ಒಡಲಲ್ಲಿದ್ದದ್ದು ನಮ್ಮ ಅಳಲು, ಊರಿಗೆ ಹತ್ತಿದ್ದು ಅವರ ಅೞಲ್.

ಸಂಸ್ಕೃತವೂ ದೂರ ಹೋಗಿಲ್ಲ. ಶೋಕ ಎಂಬುದರ ಧಾತು ‘ಶುಚ್’. ಹೊಳೆ, ಉರಿ, ಮರುಗು ಎಂಬ ಅರ್ಥಗಳೆಲ್ಲ ಅದಕ್ಕಿವೆ. ಸಭೆ ಕರೆದು ಎರಡು ನಿಮಿಷ ಎದ್ದುನಿಂತು ಸೂಚಿಸುವ ‘ಸಂತಾಪ’ದಲ್ಲಿ ಇರುವುದು ತಾಪವೇ. ‘ಮರುಗು’ ಎಂದು ಮೇಲೆ ಬರೆದೆನಲ್ಲ, ತೆಲುಗಿನವರು ಇವತ್ತಿಗೂ ನೀರು ಕುದಿಯುವುದಕ್ಕೆ ಆ ಮಾತನ್ನೇ ಬಳಸುತ್ತಾರೆ. ಅವರ ಎಸರು ಮರುಗುತ್ತದೆ, ನಮ್ಮ ಜೀವ ಮರುಗುತ್ತದೆ. ಬೇಗೆ, ಕುದಿ, ಬೇಗುದಿ, ನೊಂದು ಬೆಂದು, ಹೊಟ್ಟೆಯ ಉರಿ, ಎದೆಗೆ ಬಿದ್ದ ಕೆಂಡ. ಈ ನಾಡಿನವರು ಸಂಕಟವನ್ನು ಹೇಳಲು ಹೊರಟಾಗಲೆಲ್ಲ ಕೈ ಹಾಕಿದ್ದು ಒಲೆಯ ಕಡೆಗೇ. ಹರಸುವಾಗ ಮಾತ್ರ ‘ತಣ್ಣಗಿರು ಮಗಾ’, ‘ನಿನ್ನ ಹೊಟ್ಟೆ ತಣ್ಣಗಿರಲಿ’. ಬಿಸಿಲಿನ ನೆಲದಲ್ಲಿ ಹುಟ್ಟಿದ ಭಾಷೆಗೆ ತಂಪೇ ಸುಖ.

ನಮ್ಮ ದೊಡ್ಡಮ್ಮನಿಗೆ ಅಳಲು ಎಂಬ ಪದ ಗೊತ್ತಿರಲಿಲ್ಲ. ಓದು ಬರಹ ಇರಲಿಲ್ಲ. ತಿಪಟೂರಿನ ಕಡೆಯ ಹಳ್ಳಿಯಲ್ಲಿ ತೆಂಗಿನ ತೋಟ, ಎರಡು ಎಮ್ಮೆ, ಐದು ಮಕ್ಕಳ ಸಂಸಾರ. ಯಾರ ಮನೆಯಲ್ಲಿ ಸಾವಾದರೂ ಅವಳು ಮೊದಲು ಹೋಗುತ್ತಿದ್ದಳು, ಸೀದಾ ಅಡುಗೆಮನೆಗೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅವಳು ಒಲೆಯ ಬೂದಿಯನ್ನು ಗೋರಿ, ಅರ್ಧ ಉರಿದ ಕೊಳ್ಳಿಯನ್ನು ಹಿತ್ತಲಿಗೆ ಒಯ್ದು ನೀರು ಚಿಮುಕಿಸಿ, ಒಲೆಯ ಬಾಯಿಗೆ ಒಂದು ತಟ್ಟೆ ಮುಚ್ಚಿ ಬರುತ್ತಿದ್ದಳು. ಆಮೇಲೆ ನಡುಮನೆಗೆ ಬಂದು, ಸತ್ತವರ ಹೆಂಡತಿಯನ್ನೋ ತಾಯಿಯನ್ನೋ ತೊಡೆಯ ಮೇಲೆ ಒರಗಿಸಿಕೊಂಡು ಕೂರುವಳು. ಅಳು ಶುರುವಾದರೆ ಅದು ಬರೀ ಅಳುವಲ್ಲ, ರಾಗ ಹಿಡಿದ ಮಾತು. ಹೋದವರು ತಂದುಕೊಟ್ಟ ಸೀರೆ, ಆಡಿದ ಜಗಳ, ನೆಟ್ಟ ಮಾವಿನ ಗಿಡ, ತೀರಿಸದೆ ಬಿಟ್ಟ ಸಾಲ, ಎಲ್ಲ ಅದರೊಳಗೆ ಬರುತ್ತಿತ್ತು. ಒಬ್ಬಳು ಸುಸ್ತಾದರೆ ಇನ್ನೊಬ್ಬಳು ಎತ್ತಿಕೊಳ್ಳುವಳು. ‘ಆಡ್ಲಿ ಬಿಡಿ, ಒಡಲಲ್ಲಿ ಕೆಂಡ ಇಟ್ಕಂಡು ಎಷ್ಟೊತ್ತು ಇರ್ತಾಳೆ’ ಎಂದು ದೊಡ್ಡಮ್ಮ ಗಂಡಸರನ್ನು ಆಚೆ ಕಳಿಸುತ್ತಿದ್ದಳು. ಮಧ್ಯಾಹ್ನ ಅಕ್ಕಪಕ್ಕದ ಮನೆಗಳಿಂದ ಅನ್ನ ಸಾರು ಬರುತ್ತಿತ್ತು. ಅದಕ್ಕಿಂತ ಮೊದಲು ಅವಳು ಒಂದು ಲೋಟ ನೀರುಮಜ್ಜಿಗೆ ತರಿಸಿ, ಬೇಡ ಬೇಡ ಎಂದರೂ ಕುಡಿಸುವಳು. ಮೂರನೆಯ ದಿನ ಹಾಲುತುಪ್ಪ. ಸುಟ್ಟಿದ್ದರೆ ಬೂದಿಯ ಮೇಲೆ, ಹೂತಿದ್ದರೆ ಮಣ್ಣಿನ ಮೇಲೆ ಹಾಲು ಬಿಟ್ಟು ಬರುತ್ತಿದ್ದರು. ನಿಘಂಟಿನಲ್ಲಿ ನಾನು ಬಹಳ ತಡವಾಗಿ ಕಂಡದ್ದೆಲ್ಲ ಅವಳ ಕೈಯಲ್ಲಿತ್ತು.

ಅವಳಿಗೆ ದುರ್ಯೋಧನನ ಕಥೆ ಗೊತ್ತಿತ್ತು, ಬಯಲಾಟದಿಂದ. ರನ್ನನ ‘ಗದಾಯುದ್ಧ’ದ ದುರ್ಯೋಧನನನ್ನು ನಾನು ಕಾಲೇಜಿನಲ್ಲಿ ಪಾಠವಾಗಿ ಓದಿದೆ. ಎಲ್ಲ ಮುಗಿದ ಮೇಲೆ ಅವನು ಸಂಜಯನ ಜೊತೆ ರಣರಂಗದಲ್ಲಿ ನಡೆಯುತ್ತಾನೆ. ಹೆಣಗಳು, ಮುರಿದ ರಥಗಳು, ಬಿದ್ದ ಆನೆಗಳು ಕಾಲಿಗೆ ತೊಡರುತ್ತವೆ. ದ್ರೋಣರ ದೇಹ ಸಿಗುತ್ತದೆ. ಹಗೆಯ ಮಗ ಅಭಿಮನ್ಯು ಸಿಗುತ್ತಾನೆ; ಅವನ ಶೌರ್ಯಕ್ಕೆ ದುರ್ಯೋಧನ ಕೈ ಮುಗಿಯುತ್ತಾನೆ. ಸ್ವಂತ ಮಗ ಲಕ್ಷಣಕುಮಾರ ಸಿಗುತ್ತಾನೆ. ಮಗ ತಂದೆಗೆ ನೀರು ಬಿಡಬೇಕಾದದ್ದು ಕ್ರಮ, ನೀನು ಅದನ್ನು ತಿರುಗಿಸಿಬಿಟ್ಟೆಯಲ್ಲ ಎಂಬ ಅರ್ಥದ ಮಾತನ್ನು ಅವನು ಅಲ್ಲಿ ಆಡುತ್ತಾನೆ. ಮುಂದೆ ದುಶ್ಶಾಸನ, ಆಮೇಲೆ ಕರ್ಣ. ಒಂದೊಂದು ಹೆಣದ ಮುಂದೂ ಉರಿಯ ಮೇಲೆ ಉರಿ. ಕೊನೆಗೆ ಭೀಷ್ಮರ ಮಾತಿನಂತೆ ವೈಶಂಪಾಯನ ಸರೋವರಕ್ಕೆ ಇಳಿದು ಕೂರುತ್ತಾನೆ. ದಡದಲ್ಲಿ ಭೀಮ ಆರ್ಭಟಿಸುತ್ತಾನೆ, ನೀರಿನೊಳಗಿದ್ದೂ ದುರ್ಯೋಧನ ಬೆವರುತ್ತಾನೆ. ಆ ಪದ್ಯವನ್ನು ಬಾಯಿಪಾಠ ಮಾಡದ ಕನ್ನಡ ವಿದ್ಯಾರ್ಥಿ ಇಲ್ಲ. ಮೇಷ್ಟ್ರು ಅದನ್ನು ಕೋಪದ ಪರಾಕಾಷ್ಠೆಯೆಂದು ವಿವರಿಸಿದರು, ಅದು ಸರಿಯೇ. ಆದರೆ ಅವನು ಯಾವ ದಾರಿಯಿಂದ ಆ ನೀರಿಗೆ ಬಂದ ಎಂಬುದನ್ನು ಮರೆತರೆ ಪದ್ಯ ಅರ್ಧವಾಗುತ್ತದೆ. ಕೊಳಕ್ಕೆ ಇಳಿಯುವಾಗಲೇ ಅವನು ಮಗನನ್ನು, ತಮ್ಮನನ್ನು, ಗೆಳೆಯನನ್ನು ನೋಡಿ ಬೆಂದಿದ್ದಾನೆ. ಭೀಮನ ದನಿ ಅದನ್ನು ಊದಿತು, ಅಷ್ಟೆ.

ಇದನ್ನು ನಾನು ಪುಸ್ತಕದಿಂದ ಅರಿತದ್ದಲ್ಲ. ಬೆಳೆದ ಮಗನನ್ನು ಕಳೆದುಕೊಂಡ ಪರಿಚಿತರೊಬ್ಬರನ್ನು ಕಂಡು ಬರಲು ಹೋಗಿದ್ದೆ. ಅವರು ಸಾಹಿತ್ಯ ಓದಿದವರಲ್ಲ, ಗ್ಯಾರೇಜು ನಡೆಸುತ್ತಿದ್ದವರು. ಮಾರ್ಗಶಿರದ ಚಳಿ. ‘ರಾತ್ರಿ ಎರಡು ಗಂಟೆಗೆ ಎದ್ದು ತಣ್ಣೀರು ಸುರ್ಕೋತೀನಿ. ಮೈ ನಡುಗುತ್ತೆ, ಒಳಗೆ ಮಾತ್ರ ಆರೋದಿಲ್ಲ’ ಎಂದರು. ಅವರ ಹೆಂಡತಿ ಟವೆಲ್ಲು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿರುತ್ತಾರಂತೆ. ‘ಬೇಜಾರು’ ಎಂಬ ಮಾತು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಆ ಮಾತಿಗೆ ಅಷ್ಟು ಭಾರ ಹೊರುವ ಶಕ್ತಿಯಿಲ್ಲ. ನಾವು ದಿನಬೆಳಗಾದರೆ ಒಂದೇ ಪದದಿಂದ ಎಲ್ಲವನ್ನೂ ನಡೆಸಿಕೊಂಡು ಹೋಗುತ್ತೇವೆ, ನಿಜವಾಗಿ ಬೆಂದ ದಿನ ಅದು ಕೈಕೊಡುತ್ತದೆ. ಆಗ ಜನ ತಮಗೆ ತಿಳಿಯದೆಯೇ ಹಳೆಯ ಪದದ ಅರ್ಥಕ್ಕೆ ಹಿಂದಿರುಗುತ್ತಾರೆ: ಉರಿ, ಆರು, ತಣಿ.

ಬೆಂಕಿಯ ಮಾತಾಡುವಾಗ ರಾಘವಾಂಕನನ್ನು ಬಿಡುವಂತಿಲ್ಲ. ‘ಹರಿಶ್ಚಂದ್ರ ಕಾವ್ಯ’ದಲ್ಲಿ ಅಳಲು ಮತ್ತು ಬೆಂಕಿ ಎದುರುಬದುರು ನಿಲ್ಲುವ ರಾತ್ರಿಯೊಂದಿದೆ. ದರ್ಭೆ ಸಮಿತ್ತು ತರಲು ಹೋದ ಲೋಹಿತಾಶ್ವನನ್ನು ಹಾವು ಕಚ್ಚುತ್ತದೆ. ದಾಸಿಯಾಗಿರುವ ಚಂದ್ರಮತಿಗೆ ಮನೆಯ ಕೆಲಸವೆಲ್ಲ ಮುಗಿಯುವ ತನಕ ಮಗನನ್ನು ಹುಡುಕಲು ಬಿಡುವು ಸಿಗುವುದಿಲ್ಲ. ಕತ್ತಲಲ್ಲಿ ಅವನ ಹೆಸರು ಕೂಗುತ್ತ ಹೋಗುತ್ತಾಳೆ. ಸಿಕ್ಕ ಮೇಲೆ ಹೊತ್ತುಕೊಂಡು ಸುಡುಗಾಡಿಗೆ ಬಂದು, ಬೇರೆಯವರ ಚಿತೆಗಳಲ್ಲಿ ಉಳಿದ ಕೊಳ್ಳಿಗಳನ್ನು ಆಯ್ದು ಒಟ್ಟುತ್ತಾಳೆ. ಕಾವಲಿನವನು ಎದ್ದು ಬಂದು ತಡೆಯುತ್ತಾನೆ, ತೆರ ಕೊಡದೆ ಸುಡುವಂತಿಲ್ಲ ಎನ್ನುತ್ತಾನೆ. ಆ ಕಾವಲಿನವನು ಅವಳ ಗಂಡ. ಒಡಲಿನ ಬೆಂಕಿ ತಡೆಯಲಾಗದು, ಹೊರಗಿನ ಬೆಂಕಿ ಸಿಗದು. ಕನ್ನಡದಲ್ಲಿ ಇದಕ್ಕಿಂತ ಬೇಯಿಸುವ ಸನ್ನಿವೇಶ ನನಗೆ ಗೊತ್ತಿಲ್ಲ.

ಇದನ್ನು ನಮ್ಮೂರ ದೇವಸ್ಥಾನದ ಪ್ರಾಂಗಣದಲ್ಲಿ ಗಮಕದಲ್ಲಿ ಕೇಳಿದ್ದೇನೆ. ವಾರದ ಕಾರ್ಯಕ್ರಮ, ದಿನಕ್ಕೆ ಒಂದೂವರೆ ಗಂಟೆ. ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನಕ್ಕೆ ಇನ್ನೊಬ್ಬರು. ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಅಜ್ಜಿಯರು, ನಮ್ಮ ದೊಡ್ಡಮ್ಮನೂ ಅವರೊಳಗೆ. ವಾಚನ ಮಾಡುವವರು ಮುಖಾರಿ ಹಿಡಿದು ಚಂದ್ರಮತಿಯ ಪ್ರಲಾಪದ ಷಟ್ಪದಿಗಳನ್ನು ಓದುತ್ತಾ ಹೋದಂತೆ ಚಾಪೆಯ ಕಡೆಯಿಂದ ಮೂಗೆಳೆಯುವ ಸದ್ದು ಬರತೊಡಗಿತು. ಕಾವಲಿನವನು ಬಂದು ತಡೆಯುವಲ್ಲಿಗೆ ಗಡಿಯಾರ ನೋಡಿ ವ್ಯಾಖ್ಯಾನಕಾರರು ಪುಸ್ತಕಕ್ಕೆ ನವಿಲುಗರಿ ಇಟ್ಟರು. ಇಲ್ಲಿಗೆ ಇವತ್ತಿನ ಕಥಾಭಾಗ ಮುಗಿಯಿತು, ಮಂಗಳ ಹಾಡೋಣ ಎಂದರು.

‘ಇದೇನ್ ಸ್ವಾಮಿ, ಹಿಂಗ್ ಬಿಟ್ಟು ಎದ್ದೋಗದಾ?’ ಎಂದಳು ದೊಡ್ಡಮ್ಮ.

‘ನಾಳೆ ಶಿವ ಪ್ರತ್ಯಕ್ಷ ಆಗ್ತಾನಮ್ಮ, ಹುಡುಗ ಎದ್ದು ಕೂರ್ತಾನೆ. ನಾಳೆ ತಪ್ಪದೆ ಬನ್ನಿ.’

‘ಬತ್ತೀನಿ. ನಾಳೆ ಗಂಟ ಆ ತಾಯಿ ಮಗೀನ ಎಲ್ಲಿ ಮಲಗುಸ್ಕಂಡಿರ್ತಾಳೆ ಏಳಿ? ಕಟ್ಟಿಗೆ ಮ್ಯಾಲೋ ತೊಡೆ ಮ್ಯಾಲೋ?’

ವ್ಯಾಖ್ಯಾನಕಾರರು ವಾಚನದವರ ಮುಖ ನೋಡಿದರು. ಪೂಜಾರಿಗಳು ಆರತಿ ತಟ್ಟೆಯನ್ನು ಕೆಳಗಿಟ್ಟರು. ಚಾಪೆಯಿಂದ ಒಬ್ಬರೂ ಏಳಲಿಲ್ಲ. ವಾಚನ ಮಾಡುವವರು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ನವಿಲುಗರಿ ತೆಗೆದು ಮುಂದಿನ ಪದ್ಯ ಎತ್ತಿದರು. ಹುಡುಗ ಎದ್ದು ಕೂರುವ ಹೊತ್ತಿಗೆ ಹನ್ನೊಂದೂವರೆ ದಾಟಿತ್ತು. ಮರುದಿನಕ್ಕೆ ಓದಲು ಏನೂ ಉಳಿದಿರಲಿಲ್ಲ, ಕುಮಾರವ್ಯಾಸನನ್ನು ತರುತ್ತೇವೆ ಎಂದು ಹೇಳಿ ಕಳಿಸಿದರು.